ಪಂಚಾಂಗದ ಪಕ್ಕದಲ್ಲೊಂದು ವೇಳಾಪಟ್ಟಿ

ಕೆಲವು ವರ್ಷಗಳ ಹಿಂದೆ ತಿಪಟೂರಿನ ನಮ್ಮ ದೊಡ್ಡಪ್ಪನ ಮನೆಯಲ್ಲಿ ಅಕ್ಕನ ಮದುವೆಗೆ ದಿನ ಗೊತ್ತುಮಾಡಲು ಎರಡೂ ಕಡೆಯವರು ಕುಳಿತಿದ್ದರು. ಪುರೋಹಿತರು ಪಂಚಾಂಗ ಬಿಡಿಸಿ, ಬೆರಳು ಮಡಿಸಿ ಎಣಿಸಿ, ಫಾಲ್ಗುಣದಲ್ಲೇ ಪ್ರಶಸ್ತವಾದ ಒಂದು ಮುಹೂರ್ತವಿದೆ, ಬಿಟ್ಟರೆ ಇಂಥದ್ದು ಸಿಗುವುದು ಕಷ್ಟ ಎಂದರು. ದೊಡ್ಡಪ್ಪ ತಲೆಯಾಡಿಸಿದರು. ಗಂಡಿನ ತಂದೆಯೂ ತಲೆಯಾಡಿಸುವುದರಲ್ಲಿದ್ದರು. ಅಷ್ಟರಲ್ಲಿ ಒಳಬಾಗಿಲ ಬಳಿ ನಿಂತಿದ್ದ ಬೀಗಿತ್ತಿ, ‘ಸ್ವಾಮಿಗಳೇ, ಅದು ಇಂಗ್ಲಿಷ್ ಯಾವ ತಿಂಗಳಿಗೆ ಬರುತ್ತೆ?’ ಎಂದು ಕೇಳಿದರು. ‘ಮಾರ್ಚ್ ಕೊನೇ ವಾರ ತಾಯಿ.’ ‘ಹಾಗಾದ್ರೆ ಆಗಲ್ಲ ಬಿಡಿ. ನಮ್ಮ ಚಿಕ್ಕವಳಿಗೆ ಎಸ್ಸೆಸ್ಸೆಲ್ಸಿ.’ ಪುರೋಹಿತರು ಮರುಮಾತಾಡದೆ ಹಾಳೆ ಮಗುಚಿ ವೈಶಾಖಕ್ಕೆ ಹೋದರು. ಬಗೆಬಗೆಯ ದೋಷಗಳಿಗೆ ಪರಿಹಾರ ಹೇಳಬಲ್ಲ ಆ ಹಿರಿಯರ ಬಳಿ ಎಸ್ಸೆಸ್ಸೆಲ್ಸಿಗೆ ಮಾತ್ರ ಪರಿಹಾರವಿರಲಿಲ್ಲ.

ಇದು ನಮ್ಮ ಮನೆಯೊಂದರ ಕಥೆಯಲ್ಲ. ಆಷಾಢ, ಧನುರ್ಮಾಸ, ಪಿತೃಪಕ್ಷಗಳ ಹಾಗೆಯೇ ಮಾರ್ಚ್ ತಿಂಗಳು ಕೂಡ ಕರ್ನಾಟಕದ ಕುಟುಂಬಗಳಿಗೆ ಶುಭಕಾರ್ಯ ನಿಷಿದ್ಧ ಮಾಸವಾಗಿ ದಶಕಗಳೇ ಆದವು. ಮದುವೆ, ಮುಂಜಿ, ಗೃಹಪ್ರವೇಶ, ಮನೆದೇವರ ಹರಕೆ, ಧರ್ಮಸ್ಥಳ–ತಿರುಪತಿ ಪ್ರಯಾಣ, ಎಲ್ಲಕ್ಕೂ ಸಿಗುವ ಉತ್ತರ ಒಂದೇ: ‘ಪರೀಕ್ಷೆ ಮುಗೀಲಿ, ಆಮೇಲೆ ನೋಡೋಣ.’ ಈ ‘ಆಮೇಲೆ’ ಎಂಬುದು ಏಪ್ರಿಲ್ 11ಕ್ಕೆ ಆರಂಭವಾಗುತ್ತದೆ. ಏಪ್ರಿಲ್ 10ರಂದು ಪ್ರಾಥಮಿಕ ಶಾಲೆಗಳಲ್ಲಿ ಫಲಿತಾಂಶ ಹೇಳುವುದು, ಮಾರನೆಯ ದಿನದಿಂದ ಬೇಸಿಗೆ ರಜೆ ಕೊಡುವುದು ರಾಜ್ಯದಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಹಳ್ಳಿಗಳಲ್ಲಿ ‘ಏಪ್ರಿಲ್ ಹತ್ತು’ ಎಂದರೆ ಸಾಕು, ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಆ ದಿನ ಶಾಲೆಯ ಗೋಡೆಯ ಮೇಲೆ ಪಾಸಾದವರ ಪಟ್ಟಿ, ಸಂಜೆ ಅಜ್ಜಿಮನೆಯ ಬಸ್ಸು.

ಹಾಗಾದರೆ ರಜೆಗಾಗಿ ಪರೀಕ್ಷೆಯೋ, ಪರೀಕ್ಷೆಗಾಗಿ ರಜೆಯೋ? ಮೊದಲ ನೋಟಕ್ಕೆ ತಮಾಷೆಯ ಪ್ರಶ್ನೆಯಂತೆ ಕಾಣುತ್ತದೆ. ಆದರೆ 2024ರ ನಂತರ ಎಸ್ಸೆಸ್ಸೆಲ್ಸಿ ಮಕ್ಕಳಿರುವ ಮನೆಗಳಲ್ಲಿ ಇದು ತಮಾಷೆಯಾಗಿ ಉಳಿದಿಲ್ಲ.

ತಿಥಿಯಿಂದ ತಾರೀಕಿಗೆ

ಶಾಲೆಗೆ ಸಾಲಾಗಿ ಎರಡು ತಿಂಗಳ ರಜೆ ಕೊಡುವ ಪದ್ಧತಿ ನಮ್ಮ ಹಳೆಯ ಶಿಕ್ಷಣಕ್ರಮದ ಕೊಡುಗೆಯಲ್ಲ. ಸಂಸ್ಕೃತ ಪಾಠಶಾಲೆಗಳಲ್ಲಿ ಪಾಡ್ಯ, ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆಗಳು ಅನಧ್ಯಯನದ ದಿನಗಳು, ಹೊಸ ಪಾಠವಿಲ್ಲ. ಅಂದರೆ ರಜೆ ತಿಂಗಳ ಉದ್ದಕ್ಕೂ ಚೂರುಚೂರಾಗಿ ಹಂಚಿಹೋಗಿತ್ತು. ಇನ್ನು ಸಾಮಾನ್ಯರ ಮಕ್ಕಳು ಅಕ್ಷರ, ಮಗ್ಗಿ, ಲೆಕ್ಕ ಕಲಿಯುತ್ತಿದ್ದ ಗಾವಟಿ ಶಾಲೆಗಳು. ಬಳ್ಳಾರಿಯ ಕಲೆಕ್ಟರ್ ಆಗಿದ್ದ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಮದ್ರಾಸ್ ಸರ್ಕಾರಕ್ಕೆ ಕಳಿಸಿದ ವರದಿಯಲ್ಲಿ ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ಇಂಥ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದಾರೆಂದು ಲೆಕ್ಕ ಕೊಟ್ಟಿದ್ದಾನೆ. ಮುಂದಿನ ಮಗು ಹಿಂದಿನ ಮಗುವಿಗೆ ಹೇಳಿಕೊಡುವ ಅಲ್ಲಿನ ಕ್ರಮವನ್ನು ಆತ ಮೆಚ್ಚಿಕೊಂಡಿದ್ದ. ಇಂಥ ಶಾಲೆಯಲ್ಲಿ ಪ್ರತಿ ಮಗುವೂ ತನ್ನ ಪಾಡಿಗೆ ತಾನು ಮುಂದೆ ಸಾಗುತ್ತಿತ್ತು. ಇಡೀ ತರಗತಿ ಒಂದೇ ದಿನ ಕುಳಿತು ಒಂದೇ ಪ್ರಶ್ನೆಪತ್ರಿಕೆಗೆ ಉತ್ತರ ಬರೆದು, ಒಂದೇ ದಿನ ಮುಂದಿನ ತರಗತಿಗೆ ಹೋಗುವ ವ್ಯವಸ್ಥೆಯೇ ಇರಲಿಲ್ಲ. ವಾರ್ಷಿಕ ಪರೀಕ್ಷೆಯೇ ಇಲ್ಲದ ಕಡೆ ‘ಪರೀಕ್ಷೆ ಮುಗಿದ ಮೇಲಿನ ರಜೆ’ ಎಲ್ಲಿಂದ ಬರಬೇಕು?

ಅದೇ ವರದಿಯಲ್ಲಿ ಕ್ಯಾಂಪ್‌ಬೆಲ್ ಇನ್ನೊಂದು ಮಾತನ್ನೂ ಹೇಳಿದ್ದಾನೆ. ಬಡತನ ಹೆಚ್ಚಿದ್ದರಿಂದ ಜನ ಮಕ್ಕಳ ಓದಿನ ಖರ್ಚು ಭರಿಸಲಾರರು. ಎಳೆಯ ಕೈಗಳಿಗೆ ಚೂರು ಶಕ್ತಿ ಬಂದ ಕೂಡಲೇ ದುಡಿಮೆಗೆ ಹಚ್ಚುತ್ತಾರೆ ಎಂಬುದು ಅದರ ತಾತ್ಪರ್ಯ. ಇನ್ನೂರು ವರ್ಷ ಹಳೆಯ ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಪರೀಕ್ಷೆ ಎಂಬುದು ಊರಿಗೆ ಬಂದದ್ದು ಇನ್‌ಸ್ಪೆಕ್ಟರ್ ಸಾಹೇಬರ ಜೊತೆಯಲ್ಲಿ. 1854ರ ವುಡ್ ನಿರೂಪದ ನಂತರ ಖಾಸಗಿ ಶಾಲೆಗಳಿಗೆ ಸರ್ಕಾರದ ಅನುದಾನ ದೊರೆಯತೊಡಗಿತು. ಮದ್ರಾಸ್, ಮುಂಬಯಿ ಪ್ರಾಂತ್ಯಗಳಲ್ಲಿ, ಅಂದರೆ ಇಂದಿನ ಕರ್ನಾಟಕದ ದಕ್ಷಿಣ ಕನ್ನಡ, ಬಳ್ಳಾರಿ, ಧಾರವಾಡ, ಬೆಳಗಾವಿ ಮುಂತಾದ ಪ್ರದೇಶಗಳು ಸೇರಿದ್ದ ಆಡಳಿತಗಳಲ್ಲಿ, ‘ಫಲಿತಾಂಶ ನೋಡಿ ಹಣ’ ಎಂಬ ಕ್ರಮವೂ ಜಾರಿಗೆ ಬಂತು. ಇನ್‌ಸ್ಪೆಕ್ಟರ್ ಬಂದು ಮಕ್ಕಳನ್ನು ನಿಲ್ಲಿಸಿ ಓದಿಸಿ, ಬರೆಸಿ, ಲೆಕ್ಕ ಕೇಳಬೇಕು. ಎಷ್ಟು ಮಂದಿ ತೇರ್ಗಡೆಯಾದರೋ ಅದಕ್ಕೆ ತಕ್ಕ ಅನುದಾನ. ಹೀಗಾಗಿ ಪರೀಕ್ಷೆ ಯಾವಾಗ ಎಂಬುದು ಊರಿನ ಸುಗ್ಗಿಯನ್ನಾಗಲೀ ಜಾತ್ರೆಯನ್ನಾಗಲೀ ಅವಲಂಬಿಸಿರದೆ ಸಾಹೇಬರ ಸವಾರಿಯನ್ನು ಅವಲಂಬಿಸಿತು. ಸವಾರಿ ಬಂದ ದಿನವೇ ಪರೀಕ್ಷೆ.

ಬೇಸಿಗೆಯ ದೀರ್ಘ ಬಿಡುವು ಕೂಡ ಅದೇ ಆಡಳಿತದ ಅಭ್ಯಾಸಗಳಿಗೆ ಹೊಂದುವಂಥದು. ಬಿಸಿಲೇರುತ್ತಿದ್ದಂತೆ ಮದ್ರಾಸ್ ಸರ್ಕಾರ ಉದಕಮಂಡಲಕ್ಕೆ, ಮುಂಬಯಿ ಸರ್ಕಾರ ಮಹಾಬಲೇಶ್ವರಕ್ಕೆ, ಕಲ್ಕತ್ತೆಯ ವೈಸರಾಯ್ ಸಿಮ್ಲಾಕ್ಕೆ ಹತ್ತುತ್ತಿದ್ದ ಕಾಲ ಅದು. ನ್ಯಾಯಾಲಯಗಳಿಗೂ ಬೇಸಿಗೆ ರಜೆ, ಕಾಲೇಜುಗಳಿಗೂ ಬೇಸಿಗೆ ರಜೆ. ಆದರೆ ಇದನ್ನು ಬರೀ ದೊರೆಗಳ ಶೋಕಿ ಎಂದು ತಳ್ಳಿಹಾಕುವಂತಿಲ್ಲ. ಹೆಂಚಿನ, ಜಿಂಕ್ ಶೀಟಿನ ಮಾಡಿನ ಕೆಳಗೆ ಏಪ್ರಿಲ್ ಮಧ್ಯಾಹ್ನ ಕುಳಿತು ನೋಡಿದವರಿಗೆ ಗೊತ್ತು. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಗಳಲ್ಲೂ ಏಪ್ರಿಲ್–ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಮುಗಿಸುವ ವಾಡಿಕೆಯಿದೆ. ದೊಡ್ಡವರಿಗೇ ಕೂರಲಾಗದ ಬಿಸಿಲಿನಲ್ಲಿ ಮಕ್ಕಳನ್ನು ಕೂರಿಸುವುದೆಂತು?

ದೊರೆಗಳು ತಂದಿಟ್ಟ ಈ ಚೌಕಟ್ಟಿನೊಳಗೆ ನಮ್ಮ ಜನ ತಮ್ಮ ಬದುಕನ್ನು ತುಂಬಿದ ಬಗೆ ಸ್ವಾರಸ್ಯಕರವಾದದ್ದು. ಹಿಂಗಾರಿ ಸುಗ್ಗಿ ಮುಗಿದು ಮುಂಗಾರು ಬಿತ್ತನೆಗೆ ಇನ್ನೂ ಸಮಯವಿರುವ ದಿನಗಳು ಇವು. ಚೈತ್ರ–ವೈಶಾಖಗಳ ಮದುವೆಗಳು, ಊರಹಬ್ಬಗಳು, ಬಸವ ಜಯಂತಿ, ಬೆಂಗಳೂರಿನ ಕರಗ, ಕರಾವಳಿಯಲ್ಲಿ ಪತ್ತನಾಜೆಯವರೆಗೆ ನಡೆಯುವ ಮೇಳದ ಆಟಗಳು, ಮಾವು, ಹಲಸು, ಮಾಳಿಗೆಯ ಮೇಲೆ ಒಣಗುವ ಹಪ್ಪಳ–ಸಂಡಿಗೆ ಕಾಯುವ ಕೆಲಸ. ಅಜ್ಜಿಮನೆ ಎಂಬ ಸಂಸ್ಥೆ ಬೆಳೆದದ್ದೇ ಈ ರಜೆಯ ಆಶ್ರಯದಲ್ಲಿ. ಚಿಕ್ಕಮ್ಮನ ಮಕ್ಕಳು, ಸೋದರಮಾವನ ಮಕ್ಕಳು ಒಂದೇ ಚಾಪೆಯ ಮೇಲೆ ಮಲಗಬೇಕಾದರೆ ಎಲ್ಲರ ಪರೀಕ್ಷೆಯೂ ಒಂದೇ ಹೊತ್ತಿಗೆ ಮುಗಿಯಬೇಕು. ಇಡೀ ರಾಜ್ಯಕ್ಕೆ ಒಂದೇ ವೇಳಾಪಟ್ಟಿ ಎಂಬುದರ ನಿಜವಾದ ಫಲ ಇದೇ ಎಂದು ನನಗೆ ಅನ್ನಿಸುತ್ತದೆ. ಈಚೆಗೆ ಕೇಂದ್ರೀಯ ಪಠ್ಯಕ್ರಮದ ಶಾಲೆಗಳು ಹೆಚ್ಚಿ, ಅಲ್ಲಿ ಏಪ್ರಿಲ್‌ನಲ್ಲೇ ಹೊಸ ತರಗತಿ ಆರಂಭವಾಗುವುದರಿಂದ, ಒಂದೇ ಅಜ್ಜಿಯ ಮೊಮ್ಮಕ್ಕಳು ಎರಡು ಸರದಿಯಲ್ಲಿ ಬಂದುಹೋಗುವುದೂ ಉಂಟು.

ನಲವತ್ತೆಂಟು ದಿನದ ಲೆಕ್ಕ

ಶಾಲೆಯ ವರ್ಷವನ್ನು ಹೇಗೆ ಕತ್ತರಿಸುತ್ತಾರೆ? ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 6ರಿಂದ 8ಕ್ಕೆ 220 ದಿನ ಶಾಲೆ ನಡೆಯಬೇಕು. 2024ನ್ನೇ ಉದಾಹರಣೆಯಾಗಿ ನೋಡೋಣ. ಬೇಸಿಗೆ ರಜೆ ಏಪ್ರಿಲ್ 11ರಿಂದ ಮೇ 28ರವರೆಗೆ, 48 ದಿನ. ದಸರಾ ರಜೆ ಅಕ್ಟೋಬರ್ 3ರಿಂದ 20ರವರೆಗೆ, 18 ದಿನ. ಈ ಎರಡರೊಳಗಿನ ಹತ್ತು ಭಾನುವಾರಗಳನ್ನು ಬಿಟ್ಟರೆ 56 ದಿನ. ವರ್ಷದ 52 ಭಾನುವಾರಗಳನ್ನೂ ಕಳೆದರೆ ಉಳಿಯುವುದು ಸುಮಾರು 257. ಅದರಲ್ಲಿ ಹಬ್ಬ, ಜಯಂತಿಗಳ ಸರ್ಕಾರಿ ರಜೆ ಹೋದರೆ 240ರ ಆಸುಪಾಸು. ಕೊಡಗು, ಕರಾವಳಿಯ ಜಿಲ್ಲಾಧಿಕಾರಿಗಳು ಮಳೆಗೆಂದು ಕೊಡುವ ರಜೆಗಳು ಬೇರೆ. ಇಷ್ಟು ಬಿಗಿಯಾದ ಲೆಕ್ಕದಲ್ಲಿ ಎಲ್ಲಾದರೂ ಒಂದು ವಾರ ಜಾರಿದರೆ ಅದನ್ನು ಎಲ್ಲಿಂದ ತುಂಬಬೇಕು? ಕೈ ಹೋಗುವುದು ಬೇಸಿಗೆ ರಜೆಗೇ.

ಹಾಗೆ ಕೈ ಹೋದ ಪ್ರಸಂಗಗಳು ಈಚಿನ ವರ್ಷಗಳಲ್ಲಿ ಒಂದರ ಹಿಂದೊಂದು ಬಂದಿವೆ. 2020ರ ಮಾರ್ಚ್ 27ಕ್ಕೆ ಆರಂಭವಾಗಬೇಕಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ ಕೋವಿಡ್ ಲಾಕ್‌ಡೌನಿನಿಂದ ಮುಂದೆ ಹೋಗಿ, ಜೂನ್ 25ರಂದು ಶುರುವಾಯಿತು. ಸುಮಾರು ಎಂಟೂವರೆ ಲಕ್ಷ ಮಕ್ಕಳು ಏಪ್ರಿಲ್, ಮೇ ಎರಡೂ ತಿಂಗಳು ಪುಸ್ತಕ ಮುಚ್ಚುವ ಹಾಗಿಲ್ಲ, ತೆರೆದರೆ ತಲೆಗೆ ಹತ್ತುವುದಿಲ್ಲ ಎಂಬ ಸ್ಥಿತಿಯಲ್ಲಿ ಕಳೆದರು. ರಜೆಯಿತ್ತು, ಅಜ್ಜಿಮನೆಗೆ ಬಸ್ಸಿರಲಿಲ್ಲ. 2021ರಲ್ಲಿ ಜುಲೈ 19 ಮತ್ತು 22, ಎರಡೇ ದಿನದಲ್ಲಿ ಬಹುಆಯ್ಕೆ ಪ್ರಶ್ನೆಗಳ ಪರೀಕ್ಷೆ ಮುಗಿಸಲಾಯಿತು. ಕಲಿಕೆಯ ನಷ್ಟ ತುಂಬಲೆಂದು 2022ರಲ್ಲಿ ಮೇ 16ಕ್ಕೇ ಶಾಲೆ ತೆರೆದರು; ಎರಡು ವಾರದ ರಜೆ ಹೋಯಿತು.

2024ರ ಮಾರ್ಚ್ ಮಾತ್ರ ವಿಚಿತ್ರವಾಗಿತ್ತು. 5, 8 ಮತ್ತು 9ನೇ ತರಗತಿಗೆ ಮಂಡಳಿ ಮಟ್ಟದ ಪರೀಕ್ಷೆ ನಡೆಸುವ ಸರ್ಕಾರದ ತೀರ್ಮಾನವನ್ನು ಹೈಕೋರ್ಟಿನ ಏಕಸದಸ್ಯ ಪೀಠ ಮಾರ್ಚ್ 6ರಂದು ರದ್ದುಮಾಡಿತು. ಮರುದಿನ ವಿಭಾಗೀಯ ಪೀಠದಿಂದ ತಡೆ. 11ರಂದು ಪರೀಕ್ಷೆ ಆರಂಭ, 12ರಂದು ಸುಪ್ರೀಂ ಕೋರ್ಟಿನಿಂದ ಸ್ಥಗಿತ, 22ರಂದು ಹೈಕೋರ್ಟಿನಿಂದ ಮತ್ತೆ ಒಪ್ಪಿಗೆ, ತಿಂಗಳ ಕೊನೆಯಲ್ಲಿ ಉಳಿದ ಪತ್ರಿಕೆಗಳು. ಏಪ್ರಿಲ್ 8ರಂದು ಸುಪ್ರೀಂ ಕೋರ್ಟು ಫಲಿತಾಂಶವನ್ನೇ ತಡೆಹಿಡಿಯಿತು. ಹತ್ತು ವರ್ಷದ ಮಗುವೊಂದು ‘ನಾಳೆ ಗಣಿತ ಪರೀಕ್ಷೆ ಇದೆಯಾ ಇಲ್ಲವಾ’ ಎಂದು ರಾತ್ರಿ ಟಿ.ವಿ. ವಾರ್ತೆ ನೋಡಿ ತಿಳಿಯಬೇಕಾದ ದಿನಗಳು ಅವು. ಆ ವಾರ ಎಷ್ಟು ಮನೆಗಳಲ್ಲಿ ರೈಲು ಟಿಕೆಟ್ ರದ್ದಾಯಿತೋ, ಲೆಕ್ಕ ಇಟ್ಟವರಿಲ್ಲ.

ಒಂದಿದ್ದದ್ದು ಮೂರಾದಾಗ

ಅದೇ ಸಾಲಿನಿಂದ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ ಬಂತು. ‘ಪೂರಕ’ ಎಂಬ ಹಳೆಯ ಹೆಸರು ಹೋಗಿ ಪರೀಕ್ಷೆ–1, ಪರೀಕ್ಷೆ–2, ಪರೀಕ್ಷೆ–3 ಎಂದಾಯಿತು. ಒಮ್ಮೆ ಎಡವಿದ ಮಗು ಇಡೀ ವರ್ಷ ಕಳೆದುಕೊಳ್ಳದೆ ಎದ್ದು ನಿಲ್ಲಲಿ, ಅಂಕ ಸಾಲದವರು ಇನ್ನೊಮ್ಮೆ ಬರೆಯಲಿ, ಮೂರರಲ್ಲಿ ಉತ್ತಮವಾದುದನ್ನು ಇಟ್ಟುಕೊಳ್ಳಲಿ ಎಂಬ ಉದ್ದೇಶ ಒಳ್ಳೆಯದೇ. ಫೇಲಾದ ಮಗುವಿನ ಮೇಲೆ ಮನೆಯವರೂ ನೆರೆಯವರೂ ಎಸೆಯುವ ಕಲ್ಲುಗಳನ್ನು ಕಂಡವರು ಇದನ್ನು ಅಲ್ಲಗಳೆಯಲಾರರು. ತೊಡಕು ಬಂದದ್ದು ದಿನಾಂಕದಲ್ಲಿ.

ಆ ವರ್ಷ ಮೇ 9ರಂದು ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಎರಡನೇ ಪರೀಕ್ಷೆ ಜೂನ್ 7ರಿಂದ ಎಂದು ಗೊತ್ತಾಗಿತ್ತು. ತೇರ್ಗಡೆಯಾಗದ ಮಕ್ಕಳಿಗೆ ಮೇ ಮಧ್ಯದಿಂದಲೇ ಶಾಲೆಯಲ್ಲಿ ವಿಶೇಷ ತರಗತಿ ನಡೆಸಬೇಕೆಂದು ಆದೇಶವಾಯಿತು. ಶಿಕ್ಷಕರು ಒಪ್ಪಲಿಲ್ಲ. ಕೊನೆಗೆ ತರಗತಿಗಳು ಮೇ 29ಕ್ಕೆ, ಪರೀಕ್ಷೆ ಜೂನ್ 14ಕ್ಕೆ ಮುಂದೆ ಹೋದವು. ಬೇಸಿಗೆ ರಜೆಗಾಗಿ ಪರೀಕ್ಷೆಯನ್ನೇ ಮುಂದೂಡಿದ ಅಪರೂಪದ ಪ್ರಸಂಗ ಇದು.

‘ವರ್ಷಕ್ಕೆ ಎರಡು ತಿಂಗಳು ರಜೆ ಅನುಭವಿಸುವ ಮೇಷ್ಟರಿಗೆ ಎರಡು ವಾರ ಪಾಠ ಮಾಡಲು ಏನು ಕಷ್ಟ’ ಎಂಬ ಮಾತು ಆಗ ಬಸ್ಸಿನಲ್ಲೂ ಹೋಟೆಲಿನಲ್ಲೂ ಕೇಳಿಬಂತು. ಆದರೆ ಒಂದು ಸಂಗತಿ ಹೊರಗಿನವರಿಗೆ ಅಷ್ಟಾಗಿ ತಿಳಿದಿಲ್ಲ. ಬೇಸಿಗೆ, ದಸರಾ ರಜೆ ಸಿಗುತ್ತದೆಂಬ ಕಾರಣಕ್ಕೇ ಶಿಕ್ಷಕರಿಗೆ ವರ್ಷಕ್ಕೆ 10 ದಿನ ಗಳಿಕೆ ರಜೆ. ಇತರ ಇಲಾಖೆಯವರಿಗೆ 30. ಅಂದರೆ ಬೇಸಿಗೆ ರಜೆ ಪುಕ್ಕಟೆ ಕೊಟ್ಟದ್ದಲ್ಲ, ಮುಂಗಡವಾಗಿ ಮುರಿದುಕೊಂಡದ್ದು. ಅದರಲ್ಲೂ ಉತ್ತರಪತ್ರಿಕೆ ಮೌಲ್ಯಮಾಪನ ಏಪ್ರಿಲ್‌ನಲ್ಲೇ. 2024ರ ಅದೇ ರಜೆಯಲ್ಲಿ ಏಪ್ರಿಲ್ 26 ಮತ್ತು ಮೇ 7ರಂದು ಲೋಕಸಭಾ ಚುನಾವಣೆಯ ಕೆಲಸವೂ ಬಿತ್ತು. 2025ರ ಮೇ ತಿಂಗಳಲ್ಲಿ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ಸಮೀಕ್ಷೆಗೆ ಶಿಕ್ಷಕರು ಮನೆಮನೆ ತಿರುಗಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಮುಗಿಯಲಿಲ್ಲವೆಂದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನೇ 18ರವರೆಗೆ ಬೆಳೆಸಲಾಯಿತು. ಮಕ್ಕಳಿಗೆ ರಜೆ, ಮೇಷ್ಟರಿಗೆ ಗಣತಿ.

ಪಿಯುಸಿ ಮನೆಗಳ ಕಥೆ ಇನ್ನೂ ಬಿಗಿ. 2024ರಲ್ಲಿ ಮೊದಲ ಪರೀಕ್ಷೆ ಮಾರ್ಚ್ 1ರಿಂದ 22, ಏಪ್ರಿಲ್ 18, 19ಕ್ಕೆ ಸಿಇಟಿ, ಏಪ್ರಿಲ್ 29ರಿಂದ ಮೇ 16ರವರೆಗೆ ಪರೀಕ್ಷೆ–2, ನಡುವೆ ಮೇ 5ಕ್ಕೆ ನೀಟ್. ಇಷ್ಟನ್ನೂ ಬರೆಯುವ ಮಗುವಿಗೆ ಬೇಸಿಗೆ ಎಂಬ ಋತುವೇ ಇಲ್ಲ. 2025ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ–2 ಮೇ 26ಕ್ಕೇ ಆರಂಭವಾಯಿತು. ಶಾಲೆ ತೆರೆಯಲು ಇನ್ನೂ ಮೂರು ದಿನವಿತ್ತು. (2024ರ ಮೇ ತಿಂಗಳಲ್ಲಿ ಗುರು, ಶುಕ್ರ ಎರಡೂ ಅಸ್ತವಾಗಿದ್ದರಿಂದ ಮದುವೆ ಮುಹೂರ್ತಗಳೂ ಇರಲಿಲ್ಲ. ಆ ವರ್ಷ ಪಂಚಾಂಗಕ್ಕೂ ಮಂಡಳಿಗೂ ಒಳಒಪ್ಪಂದವಾಗಿತ್ತೇನೋ ಎಂದು ನಮ್ಮ ದೊಡ್ಡಮ್ಮ ಹೇಳುತ್ತಿದ್ದರು.)

ರಜೆ ಯಾರ ರಜೆ?

ಇಲ್ಲಿಯವರೆಗೆ ಹೇಳಿದ್ದೆಲ್ಲ ಪರೀಕ್ಷೆ ಮುಗಿಸಿ ಅಜ್ಜಿಮನೆಗೆ ಹೋಗುವ ಕುಟುಂಬಗಳ ಮಾತು. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯ ಅನೇಕ ಕುಟುಂಬಗಳು ಊರು ಬಿಡುವುದು ಏಪ್ರಿಲ್‌ನಲ್ಲಲ್ಲ. ಸುಗ್ಗಿ ಮುಗಿದು ಕೈಗೆ ಕೆಲಸವಿಲ್ಲದಾಗ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ದೂರದ ಊರುಗಳಿಗೆ ಗುಳೆ ಹೊರಡುತ್ತಾರೆ. ಕಬ್ಬು ಕಡಿಯುವವರ ಕಾಲವಂತೂ ಅಕ್ಟೋಬರಿನಿಂದ ಮಾರ್ಚಿನವರೆಗೆ. ಅವರ ಮಕ್ಕಳ ಪಾಲಿಗೆ ‘ಕುಟುಂಬದ ಪ್ರಯಾಣ’ ಬರುವುದು ಪಾಠ ನಡೆಯುವಾಗ, ಪರೀಕ್ಷೆ ಬರುವುದು ಅಪ್ಪ ಅಮ್ಮ ಊರಲ್ಲಿಲ್ಲದಾಗ. ವಲಸೆ ಮಕ್ಕಳಿಗೆಂದು ಟೆಂಟ್ ಶಾಲೆಗಳು, ಊರಲ್ಲೇ ಉಳಿಯುವವರಿಗೆ ಋತುಮಾನದ ವಸತಿ ಕೇಂದ್ರಗಳು ಇವೆ ನಿಜ. ಆದರೆ ವೇಳಾಪಟ್ಟಿ ಅವರನ್ನು ಕೇಳಿ ಬರೆದದ್ದಲ್ಲ. ಕ್ಯಾಂಪ್‌ಬೆಲ್ 1823ರಲ್ಲಿ ಬರೆದ ಸಾಲು ಇಲ್ಲಿ ಇನ್ನೂ ಹಳತಾಗಿಲ್ಲ.

ರಜೆ ಎಂದರೆ ಎಲ್ಲರಿಗೂ ಹಲಸಿನ ಹಣ್ಣಲ್ಲ ಎಂಬುದು 2024ರಲ್ಲೇ ಇನ್ನೊಂದು ರೀತಿಯಲ್ಲಿ ಕಂಡಿತು. ಹಿಂದಿನ ವರ್ಷ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸಾರಲಾಗಿತ್ತು. ಅಲ್ಲಿನ ಮಕ್ಕಳಿಗೆ ಬೇಸಿಗೆ ರಜೆಯ ಭಾನುವಾರಗಳನ್ನು ಬಿಟ್ಟು 41 ದಿನವೂ ಬಿಸಿಯೂಟ ಕೊಡಬೇಕೆಂದು ಸರ್ಕಾರ ತೀರ್ಮಾನಿಸಿತು. ಪಾಠವಿಲ್ಲ, ಪರೀಕ್ಷೆಯಿಲ್ಲ, ಅಡುಗೆಕೋಣೆ ಮಾತ್ರ ತೆರೆದಿರುವ ಶಾಲೆ.

ಬೇರೆ ಕಡೆ ಏನು ಮಾಡಿದ್ದಾರೆ? ಕೇರಳದಲ್ಲೂ ಏಪ್ರಿಲ್–ಮೇ ರಜೆಯೇ. ಜೂನ್–ಜುಲೈ ಮಳೆಗೆ ಹೇಗೂ ಶಾಲೆ ಮುಚ್ಚಬೇಕಾಗುತ್ತದೆ, ರಜೆಯನ್ನೇ ಆ ತಿಂಗಳುಗಳಿಗೆ ಸರಿಸಿದರೆ ಹೇಗೆ ಎಂದು ಅಲ್ಲಿನ ಶಿಕ್ಷಣ ಸಚಿವ ವಿ. ಶಿವನ್‌ಕುಟ್ಟಿ 2025ರಲ್ಲಿ ಸಾರ್ವಜನಿಕರ ಮುಂದೆ ಪ್ರಶ್ನೆಯಿಟ್ಟರು. ನಮ್ಮ ಕರಾವಳಿಗೂ ಕೊಡಗಿಗೂ ಅನ್ವಯಿಸುವ ಪ್ರಶ್ನೆ. ಆದರೆ ಹಾಗೆ ಮಾಡಿದರೆ ಪುತ್ತೂರಿನ ಮಗುವಿಗೆ ರಜೆ ಬಂದಾಗ ಧಾರವಾಡದ ಮಗುವಿಗೆ ಶಾಲೆ. ಕಾಶ್ಮೀರ ಕಣಿವೆಯಲ್ಲಿ ದೊಡ್ಡ ರಜೆ ಚಳಿಗಾಲದಲ್ಲಿ. ಅಲ್ಲಿ ನವೆಂಬರಿನಲ್ಲಿ ನಡೆಯುತ್ತಿದ್ದ ಪರೀಕ್ಷೆಯನ್ನು 2022ರಲ್ಲಿ ದೇಶದ ಉಳಿದ ಭಾಗದಂತೆ ಮಾರ್ಚ್‌ಗೆ ತಂದರು. ಹಿಮದ ರಜೆಯುದ್ದಕ್ಕೂ ಮಕ್ಕಳ ತಲೆಯ ಮೇಲೆ ಪರೀಕ್ಷೆ ತೂಗಾಡತೊಡಗಿತು. 2024ರಲ್ಲಿ 9ನೇ ತರಗತಿವರೆಗೆ ಮತ್ತೆ ನವೆಂಬರಿಗೇ ಮರಳಿದರು.

ಇಂಗ್ಲೆಂಡಿನಲ್ಲಿ ಮೇ–ಜೂನ್‌ನಲ್ಲಿ ದೊಡ್ಡ ಪರೀಕ್ಷೆಗಳು, ಜುಲೈ ಕೊನೆಗೆ ರಜೆ. ಶಾಲೆಯ ದಿನಗಳಲ್ಲಿ ಮಗುವನ್ನು ಪ್ರವಾಸಕ್ಕೆ ಕರೆದೊಯ್ದರೆ ತಂದೆತಾಯಿಗೆ ದಂಡ. 2015ರ ಏಪ್ರಿಲ್‌ನಲ್ಲಿ ಮಗಳನ್ನು ಏಳು ಶಾಲಾದಿನ ಬಿಡಿಸಿ ಅಮೆರಿಕದ ಫ್ಲಾರಿಡಾಕ್ಕೆ ಕರೆದೊಯ್ದ ತಂದೆಯೊಬ್ಬರು ದಂಡ ಕಟ್ಟಲೊಪ್ಪದೆ ಹೋರಾಡಿ, 2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಸೋತರು. ಅಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳು ಊರಿಗೆ ಬರುವುದು ಆಗಸ್ಟಿನಲ್ಲಿ. ಆಗ ಮಾವು ಮುಗಿದಿರುತ್ತದೆ, ಜಿಟಿಜಿಟಿ ಮಳೆ, ಇಲ್ಲಿನ ಅಣ್ಣ ತಂಗಿಯರೆಲ್ಲ ಕಿರುಪರೀಕ್ಷೆಯ ಗಡಿಬಿಡಿಯಲ್ಲಿ. ಅಜ್ಜಿಮನೆಯಲ್ಲಿ ಅಜ್ಜಿಯೊಬ್ಬರೇ ಸಿಗುತ್ತಾರೆ.

ಒಂದು ಪರೀಕ್ಷೆಯನ್ನು ಎರಡು ಮಾಡುವ ದಾರಿಗೆ ಕೇಂದ್ರೀಯ ಮಂಡಳಿಯೂ ಬಂದಿದೆ. 2026ರಿಂದ ಹತ್ತನೇ ತರಗತಿಗೆ ಫೆಬ್ರುವರಿಯಲ್ಲೊಂದು, ಮೇ ತಿಂಗಳಲ್ಲೊಂದು ಪರೀಕ್ಷೆ ಎಂದು 2025ರ ಜೂನ್‌ನಲ್ಲಿ ಪ್ರಕಟಿಸಿತು. ಎರಡನೇ ಅವಕಾಶ ಬೇಕು ಎನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ಬಳಸುವ ಮಗು ಯಾವುದು ಎಂಬುದನ್ನು ಗಮನಿಸಬೇಕು. ಮೊದಲ ಸಲವೇ ತೇರ್ಗಡೆಯಾದವನು ಮಾವಿನ ತೋಪಿನಲ್ಲಿರುತ್ತಾನೆ. ಗಣಿತದಲ್ಲಿ ಬಿದ್ದವಳು ಮೇ ತಿಂಗಳ ಬಿಸಿಲಲ್ಲಿ ಪರೀಕ್ಷಾ ಕೊಠಡಿಯಲ್ಲಿರುತ್ತಾಳೆ. ಅವಳಿಗೆ ಬಿಡುವು ಬೇಡವೇ? ಫಲಿತಾಂಶಕ್ಕೂ ಎರಡನೇ ಪರೀಕ್ಷೆಗೂ ನಡುವೆ, 2024ರಲ್ಲಿ ಕೊನೆಗೂ ಆದಂತೆ, ಒಂದು ತಿಂಗಳಿಗಿಂತ ಹೆಚ್ಚು ಅಂತರವಿಟ್ಟು, ದಿನಾಂಕಗಳನ್ನು ವರ್ಷದ ಆರಂಭದಲ್ಲೇ ಹೇಳಿಬಿಟ್ಟರೆ ಅರ್ಧ ಗೋಳು ತಪ್ಪುತ್ತದೆ. 2024ರ ನವೆಂಬರಿನಿಂದ ರೈಲಿನ ಮುಂಗಡ ಕಾದಿರಿಸುವಿಕೆಯ ಅವಧಿಯನ್ನು 120 ದಿನದಿಂದ 60ಕ್ಕೆ ಇಳಿಸಿದ್ದು ಮಕ್ಕಳ ಪರೀಕ್ಷೆಯನ್ನು ನೋಡಿ ಅಲ್ಲವಾದರೂ, ದಿನಾಂಕ ಗೊತ್ತಾಗದೆ ಡಿಸೆಂಬರಿನಲ್ಲಿ ಟಿಕೆಟ್ ಕೊಂಡು ಮಾರ್ಚ್‌ನಲ್ಲಿ ರದ್ದುಮಾಡುತ್ತಿದ್ದವರಿಗೆ ಅಷ್ಟರಮಟ್ಟಿಗೆ ಉಪಕಾರವಾಯಿತು.

ಅಕ್ಕನ ಮದುವೆ ಕೊನೆಗೆ ವೈಶಾಖದಲ್ಲೇ ಆಯಿತು. ಬೀಗಿತ್ತಿಯ ಚಿಕ್ಕ ಮಗಳು ಪರೀಕ್ಷೆ ಮುಗಿಸಿ ಬಂದು, ಫಲಿತಾಂಶ ಬರುವ ಮೊದಲೇ ಅಣ್ಣನ ಮದುವೆಯ ಊಟ ಉಂಡಳು. ಈಗ ದೊಡ್ಡಪ್ಪನ ಮನೆಯಲ್ಲಿ ಎರಡನೆಯ ಮಗನ ಮದುವೆಯ ಮಾತು ನಡೆದಿದೆ. ಮೊನ್ನೆ ಅದೇ ಪುರೋಹಿತರು ಬಂದಿದ್ದರು. ಪಂಚಾಂಗ ಬಿಡಿಸುವ ಮೊದಲೇ ಕನ್ನಡಕದ ಮೇಲಿನಿಂದ ಎಲ್ಲರನ್ನೂ ಒಮ್ಮೆ ನೋಡಿ ಕೇಳಿದರಂತೆ: ‘ಈ ಸಲ ಮನೆಯಲ್ಲಿ ಪರೀಕ್ಷೆ ಯಾರಿಗೆ? ಒಂದನೇದೋ, ಎರಡನೇದೋ, ಮೂರನೇದೋ?’